ಅಣ್ಣ ಬಾರದೆ ಬಾರೆನೆಂದ ನೆಂಟ

"ಕೇಳ್ರಪ್ಪೋ ಕೇಳಿ! ಅರಮನೆಯ ಕಂಪ್ಯೂಟರಿನೊಳಗೆ ರಾಕ್ಷಸ ಹೊಕ್ಕಿದ್ದಾನೆ. ಕೆರೆಯ ತೂಬು ತೆರೆಯುವ ಹೊಸ ಪ್ರೋಗ್ರಾಮನ್ನು ಕೂರಿಸಲು ಬಿಡುತ್ತಿಲ್ಲ. ಅವನ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ, ತಪ್ಪಿದವರಿಗೆ ತಲೆದಂಡ. ಹೊತ್ತು ಮುಳುಗುವುದರೊಳಗೆ ತೂಬು ತೆರೆಯದಿದ್ದರೆ ಯಂತ್ರ ನೋಡಿಕೊಳ್ಳುವ ನಾಗವ್ವನಿಗೆ ನೇಣು!"

ಡಂಗುರ ಕೇಳಿ ಬುಟ್ಟಿ ಹೆಣೆಯುವ ಸಣ್ಣೀರ ಅರಮನೆಗೆ ಓಡಿದ. ನಾಗವ್ವ ಅವನ ಅಕ್ಕ, ತಾಯಿಯಿಲ್ಲದ ಅವನನ್ನು ಸಾಕಿದವಳು. ಅವಳೂ ಹೋದರೆ ಅವನಿಗೆ ಯಾರಿದ್ದಾರೆ ಹೇಳಿ? ಅವಳು ಯಂತ್ರದ ಮುಂದೆ ಕೂತು ಅಳುವಾಗಲೆಲ್ಲ ಪಕ್ಕದಲ್ಲಿ ಬುಟ್ಟಿ ಹೆಣೆಯುತ್ತ ಅವಳ ಕೆಲಸ ನೋಡುತ್ತಿದ್ದ. ಅವನ ವಿದ್ಯೆ ಅಷ್ಟೇ.

ಪರದೆಯೊಳಗಿನಿಂದ ರಾಕ್ಷಸ ಕೇಳಿದ: "ಒಬ್ಬನನ್ನು ಊಟಕ್ಕೆ ಕರೆದೆ. ಅಣ್ಣ ಬಾರದೆ ಬಾರೆನೆಂದ. ಅಣ್ಣನನ್ನು ಕರೆದರೆ ಅಪ್ಪ ಬಾರದೆ ಬಾರೆನೆಂದ. ಅಪ್ಪನನ್ನು ಕರೆದರೆ ಅಜ್ಜ ಬಾರದೆ ಬಾರೆನೆಂದ. ಯಾರವರು? ಮೊದಲು ಯಾರನ್ನು ಕೂರಿಸಲಿ?"

ಸೇನಾಪತಿ "ಮದುವೆಯ ಬೀಗರು" ಅಂದ. ತಲೆ ಹೋಯಿತು. ಮಂತ್ರಿಯ ಮಗನೋ ಮಹಾ ಜಾಣ! ಪರದೆಯ ಮೇಲೆ 'ಲೈಬ್ರರಿ ಇಲ್ಲ' ಎಂದು ಬಂದದ್ದನ್ನು ಓದಿ, ಗಾಡಿಗಟ್ಟಲೆ ಪುಸ್ತಕ ತಂದು ಸುರಿದ. ಪಾಪ, ಅವನದೂ ಹೋಯಿತು.

ಸಣ್ಣೀರ ಮುಂದೆ ಬಂದ. "ಅವರು ಲೈಬ್ರರಿಗಳು. ಪುಸ್ತಕದ್ದಲ್ಲ, ದೊಡ್ಡ ಪ್ರೋಗ್ರಾಮಿಗೆ ಕೈಯಾಳಾಗಿ ದುಡಿಯುವ ಸಣ್ಣ ಪ್ರೋಗ್ರಾಮುಗಳು. ಅಜ್ಜನಿಗೆ ಯಾರೂ ಬೇಕಿಲ್ಲ, ಮೊದಲು ಅವನೇ."

ಯಂತ್ರದ ಮುಂದೆ ಕೂತು ಅಜ್ಜ ಲೈಬ್ರರಿಯ ಮೂಲ ಬರಹದ ಗಂಟು ಬಿಚ್ಚಿದ, ಯಂತ್ರಕ್ಕೆ ಹೊಂದಿಸಿದ, ಕಟ್ಟಿದ, ಕೂರಿಸಿದ. ಆಮೇಲೆ ಅಪ್ಪ, ಆಮೇಲೆ ಅಣ್ಣ, ಕೊನೆಗೆ ಊಟಕ್ಕೆ ಕರೆದ ಆ ನೆಂಟ. ಒಂದೊಂದು ಕಟ್ಟುವಷ್ಟರಲ್ಲಿ ಜೀವ ಹೋಗಿ ಬರುತ್ತಿತ್ತು. ಹೊತ್ತು ಇಳಿಯುತ್ತಿತ್ತು.

ರಾಕ್ಷಸ ಎರಡನೆಯದನ್ನು ಕೇಳಿದ: "ನೆಂಟ ಜಗಲಿಯ ಮೇಲೇ ಕೂತಿದ್ದಾನೆ. ಯಜಮಾನ ಒಳಗೆಲ್ಲ ಹುಡುಕಿ ಬಂದೇ ಇಲ್ಲ ಅನ್ನುತ್ತಾನೆ. ಯಾಕೆ?"

ಸಣ್ಣೀರ ಕೂರಿಸಿದ್ದನ್ನೆಲ್ಲ ಮತ್ತೆ ತಡಕಿದ; ಎಲ್ಲ ಅಲ್ಲೇ ಇದ್ದವು, ಆದರೂ ಪರದೆಯ ಮೇಲೆ 'ಲೈಬ್ರರಿ ಇಲ್ಲ' ಎಂದೇ ಬರುತ್ತಿತ್ತು. ಹೊರಗೆ ನೇಣಿನ ಹಗ್ಗಕ್ಕೆ ಎಣ್ಣೆ ಸವರುವುದು ಕಾಣುತ್ತಿತ್ತು. ಮುಗಿಯಿತು, ಅಕ್ಕ ಹೋದಳು, ಅನಿಸಿತು ಅವನಿಗೆ. ಹಣೆ ಹಣೆ ಚಚ್ಚಿಕೊಂಡು ಅತ್ತ. "ಇಲ್ಲೇ ಇದೆಯಲ್ಲೋ ಹಾಳಾದವನೇ, ಇತ್ತ ನೋಡಬಾರದಾ?" ಎಂದು ಯಂತ್ರಕ್ಕೆ ಕಿರುಚಿದ. ಕಿರುಚಿದವನು ಥಟ್ಟನೆ ನಿಂತ. ಅಕ್ಕನೂ ಹೀಗೇ ಬೈಯುತ್ತಿದ್ದಳು, ಬೈದು ಯಂತ್ರಕ್ಕೆ ದಾರಿ ತೋರಿಸುತ್ತಿದ್ದಳು!

"ಇತ್ತ ನೋಡು ಅಂತ ಯಜಮಾನನಿಗೆ ಯಾರೂ ಹೇಳಿಲ್ಲ! ಲೈಬ್ರರಿ ಕೂರಿಸಿದರೆ ಸಾಲದು, ಎಲ್ಲಿ ಕೂತಿದೆ ಅಂತ ಯಂತ್ರಕ್ಕೆ ತಿಳಿಸಬೇಕು." ತಿಳಿಸಿದ.

ರಾಕ್ಷಸ ಹಲ್ಲು ಕಡಿದ. "ಒಂದೇ ಹೆಸರಿನವರು ಇಬ್ಬರು. ಹಳಬನನ್ನು ಹೊರದಬ್ಬಿದರೆ ಮನೆ ಕುಸಿಯುತ್ತದೆ. ಹೊಸಬ ಬಾರದಿದ್ದರೆ ಒಲೆ ಉರಿಯದು. ಏನು ಮಾಡುತ್ತೀ?"

"ಒಂದೇ ಲೈಬ್ರರಿಯ ಹಳೆಯದು, ಹೊಸದು. ಹಳೆಯದನ್ನು ಮುಟ್ಟುವುದಿಲ್ಲ. ಹೊಸದಕ್ಕೆ ಬೇರೆ ಕೋಣೆ ಕೊಟ್ಟು, ಅದು ಬೇಕಾದವರಿಗೆ ಮಾತ್ರ ದಾರಿ ತೋರಿಸುತ್ತೇನೆ."

ಹಾಗೇ ಮಾಡಿದ. ತೂಬು ತೆರೆಯಿತು. ರಾಕ್ಷಸ ಹೊಗೆಯಾಗಿ ಹೋದ.

"ಅರ್ಧ ರಾಜ್ಯ ನಿನ್ನದು" ಅಂದ ರಾಜ.

"ಅಕ್ಕನನ್ನು ಬಿಟ್ಟರೆ ಸಾಕು, ಮಹಾಸ್ವಾಮಿ."

"ಬಿಟ್ಟೆ! ಇನ್ನು ಮೇಲೆ ಈ ಯಂತ್ರ ನೋಡಿಕೊಳ್ಳುವವನೂ ನೀನೇ!"

ನೇಣುಗಂಬದ ಬಳಿಯಿಂದ ಓಡಿ ಬಂದ ನಾಗವ್ವ ಅದನ್ನು ಕೇಳಿ ತಮ್ಮನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. "ಅಯ್ಯೋ ತಮ್ಮಾ, ನನ್ನ ನೇಣನ್ನ ನಿನ್ನ ಕೊರಳಿಗೆ ಹಾಕ್ಕೊಂಡೆಯಲ್ಲೋ!"

ಅವಳು ಮನೆಗೆ ಹೋಗಲಿಲ್ಲ. ಯಂತ್ರದ ಮುಂದೆ ತಮ್ಮನ ಪಕ್ಕದಲ್ಲೇ ಮಣೆ ಎಳೆದು ಕೂತಳು.