ದೊಡ್ಡಯ್ಯನ ಅಪ್ಪಣೆ

ಒಂದು ಬಸ್ ಟಿಕೆಟ್ ಕಚೇರಿಯ ಕಂಪ್ಯೂಟರಿನಲ್ಲಿ ದೊಡ್ಡಯ್ಯ ಎಂಬ ಭಾರೀ ಪ್ರೋಗ್ರಾಂ ವಾಸವಾಗಿದ್ದ. ಸೀಟು ಹಂಚುವುದು, ಟಿಕೆಟ್ ಮುದ್ರಿಸುವುದು, ಪ್ರಯಾಣಿಕರಿಗೆ ಮೆಸೇಜ್ ಕಳಿಸುವುದು, ಎಲ್ಲವನ್ನೂ ಅವನೊಬ್ಬನೇ ಮಾಡುತ್ತಿದ್ದ. ಹಾಗಾಗಿ ಒಂದು ಮೆಸೇಜ್ ಸಿಕ್ಕಿಕೊಂಡರೂ ದೊಡ್ಡಯ್ಯ ಇಡಿಯಾಗಿ ಮಲಗಿಬಿಡುತ್ತಿದ್ದ, ಕೌಂಟರಿನ ಮುಂದೆ ಸಾಲು ಬೆಳೆಯುತ್ತಿತ್ತು.

ಒಮ್ಮೆ ಕಡ್ಡಿ ಎಂಬ ಫ್ರೇಮ್‌ವರ್ಕ್, ಅಂದರೆ ಪ್ರೋಗ್ರಾಂ ಕಟ್ಟುವ ಚೌಕಟ್ಟು, ಅಲ್ಲಿಗೆ ಬಂತು. ಅದು ಓಪನ್ ಸೋರ್ಸ್, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಪುಕ್ಕಟೆ ಬಳಸಬಹುದು.

"ಅಯ್ಯಾ, ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಪುಟ್ಟ ಸರ್ವೀಸನ್ನು ಕಟ್ಟಿಕೊಡುತ್ತೇನೆ. ಒಬ್ಬ ಬಿದ್ದರೆ ಉಳಿದವರು ದುಡಿಯುತ್ತಾರೆ. ಬಿದ್ದವರನ್ನು ಎಬ್ಬಿಸುವುದಕ್ಕೆಂದೇ ಒಬ್ಬನಿರುತ್ತಾನೆ" ಎಂದಿತು.

ದೊಡ್ಡಯ್ಯ ಒಪ್ಪಿದ. ಏಳು ಪುಟ್ಟ ಸರ್ವೀಸುಗಳು ಬಂದು ನಿಂತರು. ಅವನು ಗಂಟಲು ಸರಿಮಾಡಿಕೊಂಡು ಹೇಳಿದ: "ಕೆಲಸ ನಿಮ್ಮದು, ಸ್ವಾತಂತ್ರ್ಯವೂ ನಿಮ್ಮದು. ಆದರೆ ನನ್ನನ್ನು ಕೇಳದೆ ಯಾರೂ ಏನೂ ಮಾಡಕೂಡದು."

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಜನ ಟಿಕೆಟ್ಟಿಗೆ ಮುಗಿಬಿದ್ದರು. ಏಳು ಜನರೂ ಮಾತುಮಾತಿಗೆ ಅಪ್ಪಣೆ ಕೇಳತೊಡಗಿದರು. ಉತ್ತರ ಕೊಟ್ಟೂ ಕೊಟ್ಟೂ ದೊಡ್ಡಯ್ಯ ಮೂರ್ಛೆ ಹೋದ. ಮಧ್ಯಾಹ್ನ ಗುಮಾಸ್ತೆ ಸಾವಂತ್ರಮ್ಮ ಬೇಸತ್ತು ಸ್ವಿಚ್ ಆರಿಸಿ ಮತ್ತೆ ಹಾಕಿದಾಗಲೇ ಅವನಿಗೆ ಎಚ್ಚರವಾದದ್ದು.

ಎದ್ದವನೇ ಕಡ್ಡಿಯ ಮೇಲೆ ಹರಿಹಾಯ್ದ. "ಪುಕ್ಕಟೆ ಮಾಲು ಅಂತ ಆಗಲೇ ಅಂದುಕೊಂಡೆ. ನಿನ್ನ ಎಬ್ಬಿಸುವವನು ಎಲ್ಲಿ ಹಾಳಾಗಿ ಹೋಗಿದ್ದ?"

"ಬೆಳಗಿನಿಂದ ತಮ್ಮ ಪಕ್ಕದಲ್ಲೇ ಇದ್ದಾನಲ್ಲ" ಎಂದಿತು ಕಡ್ಡಿ.

ದೊಡ್ಡಯ್ಯ ತಿರುಗಿ ನೋಡಿದ. ಎಬ್ಬಿಸುವವನು ವಿನಯದಿಂದ ಕೈಮುಗಿದು, ಅಷ್ಟೂ ಹೊತ್ತು ಕೇಳುತ್ತಿದ್ದುದನ್ನೇ ಇನ್ನೊಮ್ಮೆ ಕೇಳಿದ: "ಅಯ್ಯಾ, ತಮ್ಮನ್ನು ಎಬ್ಬಿಸಲು ಅಪ್ಪಣೆಯೇ?"