ಕೂಸಿನ ಹಾಳೆಯ ಎರಡನೇ ಸಾಲು

ಹೊಳೆಯ ದಂಡೆಗೆ ಒಂದು ಆಶ್ರಮ, ಆಶ್ರಮದ ಹಿಂದೆ ಒಂದು ಹೆರಿಗೆ ಆಸ್ಪತ್ರೆ, ಆಸ್ಪತ್ರೆಯ ಮೂಲೆಯಲ್ಲಿ ಕಡತಗಳ ಕೋಣೆ. ಆ ಕೋಣೆಯಲ್ಲಿ ತಾರಾಬಾಯಿ ಅಕ್ಕೋರು ಕೂತಿರುತ್ತಿದ್ದರು. ಮೂವತ್ತು ವರ್ಷ ಹೆರಿಗೆ ಮಾಡಿಸಿ, ನಿಂತು ಕೆಲಸ ಮಾಡುವುದು ಆಗದು ಅಂದ ಮೇಲೆ ಪೆನ್ನು ಹಿಡಿದವರು.

ಆ ಆಸ್ಪತ್ರೆಯಿಂದ ಮನೆಗೆ ಹೊರಡುವ ಪ್ರತಿ ಜೀವಕ್ಕೂ ಒಂದು ಹಾಳೆ ಕೊಡುತ್ತಾರೆ. ಡಾಕ್ಟರು ಬರೆದ ರೋಗವನ್ನು ದಪ್ಪ ಪುಸ್ತಕದಲ್ಲಿ ಹುಡುಕಿ, ಅದಕ್ಕೆ ಗೊತ್ತುಮಾಡಿದ ಅಕ್ಷರ, ಅಂಕಿಗಳನ್ನು ಆ ಹಾಳೆಗೆ ಹಾಕಬೇಕು. ಇದಕ್ಕೆ ಕೋಡಿಂಗ್ ಅಂತಾರೆ. ತಾಯಿಯ ಹಾಳೆ ಬೇರೆ, ಕೂಸಿನ ಹಾಳೆ ಬೇರೆ. ಅಂಕಿ ಕೊಟ್ಟರೆ ಸಾಕು, ಅದರ ಅರ್ಥವನ್ನು ಕಂಪ್ಯೂಟರು ಕನ್ನಡದಲ್ಲೇ ಅಚ್ಚು ಮಾಡುತ್ತದೆ.

ಈ ವಿದ್ಯೆ ಕಲಿಯಲು ದಾಕ್ಷಾಯಿಣಿ ಬಂದು ಆರು ತಿಂಗಳಾಗಿತ್ತು. ಚುರುಕು ಹುಡುಗಿ. ಅಕ್ಕೋರು ದಿನಕ್ಕೆ ಹತ್ತು ಹಾಳೆ ಮುಗಿಸಿದರೆ ಇವಳು ಮೂವತ್ತು ಮುಗಿಸುತ್ತಿದ್ದಳು. ಸುಳ್ಳೇಕೆ ಹೇಳಬೇಕು, ಅದರ ಜಂಬವೂ ಒಂದಿಷ್ಟಿತ್ತು.

ಒಂದು ಬೆಳಿಗ್ಗೆ ಅಕ್ಕೋರು ಅವಳು ಹಿಂದಿನ ದಿನ ಮುಗಿಸಿದ ಹಾಳೆಯೊಂದನ್ನು ಸಹಿಗೆಂದು ಎತ್ತಿಕೊಂಡರು. ಕಸ್ತೂರಿ ಎಂಬ ಬಾಣಂತಿಯ ಕೂಸಿನದು. ತೂಕ ಕಡಿಮೆಯೆಂದು ಅದನ್ನು ಬೆಚ್ಚನೆಯ ಕೋಣೆಯಲ್ಲಿಟ್ಟಿದ್ದರು. ಐದನೇ ದಿನ ಮೈಯೆಲ್ಲ ನಂಜೇರಿ, ಹತ್ತು ದಿನ ಸೂಜಿಯ ಮೇಲೆ ಸೂಜಿ ಚುಚ್ಚಿಸಿಕೊಂಡು, ಹೇಗೋ ಬದುಕಿಕೊಂಡಿತ್ತು. ಮರುದಿನ ಬೆಳಿಗ್ಗೆ ಮನೆಗೆ ಹೊರಡುವುದಿತ್ತು.

ಹಾಳೆಯ ಮೊದಲ ಸಾಲಿನಲ್ಲಿ ಕೂಸಿನ ನಂಜು ಇತ್ತು. ಅದು ಸರಿ. ಎರಡನೇ ಸಾಲಿನಲ್ಲಿ ಪಿ ಸೊನ್ನೆ ಸೊನ್ನೆ ಪಾಯಿಂಟ್ ಎರಡು. ಅದರ ಮುಂದೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ತಾಯಿಯ ಸೋಂಕಿನಿಂದ ಬಾಧೆಗೊಂಡ ಶಿಶು.

“ಇದನ್ನ ಯಾರು ಹೇಳಿದ್ರು?” ಅಕ್ಕೋರು ಕೇಳಿದರು.

“ತಾಯಿ ಕಡತದಾಗ ಐತ್ರಿ ಅಕ್ಕೋರ. ಏಳನೇ ತಿಂಗಳಾಗ ಮೂತ್ರದ ಸೋಂಕು ಆಗಿತ್ತು.”

“ವಾಸಿ ಆಗಿತ್ತೋ ಇಲ್ಲೋ?”

“ಗುಳಿಗಿ ತಗೊಂಡು ವಾಸಿ ಆಗಿತ್ರಿ.”

“ಹೆರಿಗಿ ಮುಂದ ಮತ್ತ ತಪಾಸಣಿ ಮಾಡಿದ್ರಲ್ಲ, ಅದರಾಗ ಏನು ಬಂದಿತ್ತು?”

“ಏನೂ ಬಂದಿರಲಿಲ್ರಿ.”

“ಅವ್ವನಿಂದ ಕೂಸಿಗೆ ಬಂತು ಅಂತ ಡಾಕ್ಟರು ಬರದಾರೇನು?”

ಇಲ್ಲ ಅಂದಳು ದಾಕ್ಷಾಯಿಣಿ. ಡಾಕ್ಟರು ಕೂಸಿಗೆ ನಂಜು ಅಂತಷ್ಟೇ ಬರೆದಿದ್ದರು, ಎಲ್ಲಿಂದ ಬಂತು ಅಂತ ಬರೆದಿರಲಿಲ್ಲ. ಎರಡನೇ ಸಾಲಿನ ಜಾಗ ಖಾಲಿ ಬಿಡಬಾರದು ಅಂತ ತಾನೇ ತಾಯಿಯ ಕಡತ ತಿರುವಿಹಾಕಿ, ಅದನ್ನು ಇದಕ್ಕೆ ಜೋಡಿಸಿದೆ ಅಂದಳು. ಅಂಥ ಜಾಗದಲ್ಲಿ ಯಾವಾಗಲೂ ಹಾಗೇ ಮಾಡುತ್ತೇನೆ ಅಂತಲೂ ಸೇರಿಸಿದಳು.

ಅಕ್ಕೋರ ಮುಖಕ್ಕೆ ರಕ್ತ ನುಗ್ಗಿತು. ಇನ್ನು ಬೈಗುಳ ಶುರುವಾಗುತ್ತದೆಂದು ದಾಕ್ಷಾಯಿಣಿ ತಲೆ ತಗ್ಗಿಸಿ ನಿಂತಳು. ಅಕ್ಕೋರು ಬೈಯಲಿಲ್ಲ. ಹಾಳೆಯನ್ನು ಅವಳ ಕೈಗೆ ತುರುಕಿದರು.

“ಬಾಣಂತಿ ವಾರ್ಡಿಗೆ ಹೋಗು. ನೀ ಬರದದ್ದನ್ನ ಕಸ್ತೂರಿ ಮುಂದ ಕೂತು ಓದಿ ಹೇಳಿ ಬಾ.”

ದಾಕ್ಷಾಯಿಣಿ ಹೋದಳು. ಆರು ತಿಂಗಳಲ್ಲಿ ಅವಳು ವಾರ್ಡಿಗೆ ಕಾಲಿಟ್ಟದ್ದು ಅದೇ ಮೊದಲು. ಹಾಳೆಗಳು ತಾವಾಗಿ ಅವಳ ಮೇಜಿಗೆ ಬರುತ್ತಿದ್ದವು, ಅವಳೇಕೆ ಹೋಗಬೇಕಿತ್ತು?

ಅವಳಿಗಿಂತ ಮೊದಲೇ ಹಾಳೆ ಅಲ್ಲಿ ಮುಟ್ಟಿತ್ತು. ಸಹಿಗೂ ಕಾಯದೆ ಹಿಂದಿನ ಸಂಜೆಯೇ ಒಂದು ಪ್ರತಿ ಮನೆಯವರ ಕೈಗೆ ಹೋಗಿತ್ತು. ಕಸ್ತೂರಿಯ ಗಂಡ ಅದನ್ನು ತನ್ನ ತಾಯಿ ನೀಲವ್ವನಿಗೆ ಓದಿ ಹೇಳಿದ್ದ. ಓದಿ ಹೇಳಿ, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಿದ್ದ, ಮಹಾರಾಯ. ಹೆಂಡತಿಯ ಕಡೆ ತಿರುಗಿ ಒಂದು ಮಾತೂ ಆಡಿರಲಿಲ್ಲ.

ನೀಲವ್ವ ಮಂಚದ ಮೇಲೆ ಕೂತು ಕೂಸಿಗೆ ಒಳಲೆಯಲ್ಲಿ ಡಬ್ಬಿ ಹಾಲು ಹುಯ್ಯುತ್ತಿದ್ದಳು. ತಾಯಿ ಕಸ್ತೂರಿ ದೂರದ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದಳು. ತುಂಬಿಬಂದ ಎದೆಗೆ ಹಳೆ ಸೀರೆಯ ಪಟ್ಟಿ ಬಿಗಿದಿದ್ದರು. ಪಟ್ಟಿ ಒದ್ದೆಯಾಗಿ, ಕುಪ್ಪಸ ಒದ್ದೆಯಾಗಿ, ಮಡಿಲೂ ಒದ್ದೆಯಾಗಿತ್ತು.

ದಾಕ್ಷಾಯಿಣಿ ಏನು ಎತ್ತ ಅಂತ ಕೇಳುವ ಮೊದಲೇ ನೀಲವ್ವ ಎಲ್ಲ ಹೇಳಿಬಿಟ್ಟಳು. ಸೊಸೆಯ ರಕ್ತದಲ್ಲೇ ನಂಜಿದೆಯೆಂದು ಆಸ್ಪತ್ರೆಯವರೇ ಬರೆದುಕೊಟ್ಟಿದ್ದಾರೆ. ಇವಳ ಹಾಲು ಇನ್ನು ಕೂಸಿಗೆ ಮುಟ್ಟಿಸುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಕೂಸು ತಮ್ಮ ಜೊತೆ ಬರುತ್ತದೆ, ಇವಳು ತವರಿಗೆ ಹೋಗುತ್ತಾಳೆ. ಮೈ ಶುದ್ಧವಾದ ಮೇಲೆ ಕರೆಸಿಕೊಳ್ಳುವ ಮಾತು ನೋಡೋಣ ಅಂದಳು. ನೋಡೋಣ ಅನ್ನುವ ಆ ಮಾತಿನಲ್ಲೇ ಕರೆಸಿಕೊಳ್ಳುವ ಮನಸ್ಸಿಲ್ಲವೆಂಬುದು ಗೊತ್ತಾಗುತ್ತಿತ್ತು.

ಕಸ್ತೂರಿ ಬಾಗಿಲ ಬಳಿಯಿಂದ ಮೆಲ್ಲಗೆ ಕೇಳಿದಳು.

“ಅಕ್ಕಾ, ನನಗ ಏನು ಬ್ಯಾನಿ ಐತ್ರಿ? ಯಾರೂ ಹೇಳವಲ್ರು.”

ದಾಕ್ಷಾಯಿಣಿ ಹಾಳೆ ಬಿಚ್ಚಿದಳು. ಎರಡನೇ ಸಾಲು ಕಣ್ಣಿಗೆ ಕಾಣುತ್ತಿತ್ತು, ಬಾಯಿಗೆ ಬರಲಿಲ್ಲ. ಹಾಳೆ ಮಡಚಿಕೊಂಡು ಬಂದ ದಾರಿಯಲ್ಲೇ ತಿರುಗಿದಳು. ನೀಲವ್ವನ ಮೇಲೆ ಸಿಟ್ಟು, ಕಟ್ಟೆಯ ಮೇಲೆ ಕೂತ ಗಂಡನ ಮೇಲೆ ಸಿಟ್ಟು. ಕಡತದ ಕೋಣೆಯ ಹೊಸ್ತಿಲು ಮುಟ್ಟುವಷ್ಟರಲ್ಲಿ ಅದೆಲ್ಲ ಅವಳ ಮೇಲೇ ತಿರುಗಿತ್ತು.

“ಈಗಿಂದೀಗ ಆ ಸಾಲು ಅಳಿಸಿಬಿಡ್ತೀನ್ರಿ ಅಕ್ಕೋರ.”

“ಅಳಿಸಾಕ ನೀ ಯಾರು?”

ಅಕ್ಕೋರು ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡರು.

“ಬರಿಯಾಕ ನೀ ಯಾರೂ ಆಗಿರಲಿಲ್ಲ, ಅಳಿಸಾಕೂ ಅಲ್ಲ. ಗೊತ್ತಿದ್ದವರನ್ನ ಕೇಳು. ಬರದು ಕೇಳು.”

ಡಾಕ್ಟರು ಬರೆಯದೆ ಬಿಟ್ಟದ್ದನ್ನು ಚೀಟಿ ಬರೆದು ಕೇಳುವುದು ಈ ಕೆಲಸದ ಪದ್ಧತಿ. ಉತ್ತರವನ್ನೂ ಅವರು ಅದೇ ಚೀಟಿಯ ಮೇಲೆ ಬರೆದು ಸಹಿ ಹಾಕಬೇಕು. ದಾಕ್ಷಾಯಿಣಿ ಈ ಪದ್ಧತಿಯನ್ನು ಕಲಿತಿದ್ದಳು, ಒಮ್ಮೆಯೂ ಮಾಡಿರಲಿಲ್ಲ. ಮೂವತ್ತು ಹಾಳೆ ಮುಗಿಸುವವಳಿಗೆ ಕೇಳುತ್ತ ಕೂರಲು ಪುರಸೊತ್ತೆಲ್ಲಿ?

ಕೂತು ಬರೆದಳು: ಕಸ್ತೂರಿಯ ಕೂಸಿಗೆ ಸೋಂಕು ತಾಯಿಯಿಂದ ಬಂದದ್ದಲ್ಲ, ಹೌದಲ್ಲವೇ?

ಅಕ್ಕೋರು ಓದಿ, ಚೀಟಿಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು.

ಅವಳು ಇನ್ನೊಂದು ಬರೆದಳು: ಸೋಂಕು ಬೆಚ್ಚನೆಯ ಕೋಣೆಯಿಂದಲೇ ಬಂದಿರಬಹುದೇ?

ಅಕ್ಕೋರು ಅದನ್ನೂ ಹರಿದರು.

ದಾಕ್ಷಾಯಿಣಿಗೆ ತಡೆಯಲಾಗಲಿಲ್ಲ. ಆರು ತಿಂಗಳಲ್ಲಿ ಅವರೆದುರು ಎಂದೂ ಏರಿಸದ ದನಿಯನ್ನು ಏರಿಸಿದಳು.

“ಅಲ್ಲಿ ಆಕಿ ಎದಿ ಬಿಗದುಕೊಂಡು ಕೂತಾಳ. ನಾಳೆ ಕೂಸು ಕೈ ಬಿಟ್ಟು ಹೋಗ್ತೈತಿ. ಇಲ್ಲಿ ನೀವು ಚೀಟಿ ಹರಕೋತ ಕೂತೀರಿ.”

“ಮೊದಲು ನೀ ಅವ್ವನ ತಲಿಗೆ ಕಟ್ಟಿದಿ,” ಅಂದರು ಅಕ್ಕೋರು. “ಈಗ ಡಾಕ್ಟರ ಬಾಯಾಗ ನಿನ್ನ ಮಾತು ತುರಕಾಕ ಹೊಂಟಿ. ಎರಡೂ ನಿಂದ ಮಾತು. ಸಿಟ್ಟು ಇರಲಿ, ಇರಬೇಕು. ಆದ್ರ ಅದನ್ನ ಚೀಟಿಯಾಗ ಹಾಕಬ್ಯಾಡ. ಬರಿ.”

ಮೂರನೆಯದನ್ನು ಬರೆಯಲು ಅವಳಿಗೆ ಹೊತ್ತು ಹಿಡಿಯಿತು. ಹಲ್ಲು ಕಚ್ಚಿಕೊಂಡು ಬರೆದಳು: ಈ ಕೂಸಿಗೆ ಸೋಂಕು ಎಲ್ಲಿಂದ ಬಂತು? ತಿಳಿಯದಿದ್ದರೆ ತಿಳಿಯದು ಎಂದು ಬರೆಯಿರಿ.

ಅಕ್ಕೋರು ಎರಡು ಸಲ ಓದಿದರು. ಹರಿಯಲಿಲ್ಲ. ಎದ್ದು ಕಳೆದ ವಾರದ ಕಟ್ಟು ಬಿಚ್ಚಿ ಇನ್ನೆರಡು ಹಾಳೆ ಹೊರಗೆಳೆದು ಅವಳ ಮುಂದಿಟ್ಟರು. ಆಗಲೇ ಮನೆಗೆ ಹೋದ ಎರಡು ಕೂಸುಗಳವು. ಎರಡರಲ್ಲೂ ಮೊದಲ ಸಾಲು ನಂಜು, ಎರಡನೇ ಸಾಲು ಪಿ ಸೊನ್ನೆ ಸೊನ್ನೆ ಪಾಯಿಂಟ್ ಎರಡು. ಎರಡನ್ನೂ ಮಾಡಿದವಳು ದಾಕ್ಷಾಯಿಣಿಯೇ.

“ಇವುಕ್ಕೂ ಚೀಟಿ ಬರಿ. ಈ ಸಲ ಕಡತ ಪೂರಾ ಓದು.”

ಅವಳು ಓದಿದಳು. ಎರಡೂ ಕೂಸು ಅದೇ ಬೆಚ್ಚನೆಯ ಕೋಣೆಯಲ್ಲಿದ್ದವು. ಒಂದಕ್ಕೆ ಐದನೇ ದಿನ ಜ್ವರ, ಇನ್ನೊಂದಕ್ಕೆ ಆರನೇ ದಿನ. ಇಬ್ಬರು ತಾಯಂದಿರ ತಪಾಸಣೆಯಲ್ಲೂ ಏನೂ ಬಂದಿರಲಿಲ್ಲ. ಇಷ್ಟೂ ಅವಳ ಕೈಯಲ್ಲೇ ಹಾದುಹೋಗಿತ್ತು. ಅದೇ ಪ್ರಶ್ನೆಯನ್ನು ಇನ್ನೆರಡು ಚೀಟಿಯ ಮೇಲೆ ಬರೆದು, ಮೂರೂ ಕಡತ ಎತ್ತಿಕೊಂಡು ನಡೆದಳು.

ಕೂಸುಗಳ ಡಾಕ್ಟರು ಕುಲಗೋಡ ಅವರು ಹೊರರೋಗಿಗಳನ್ನು ನೋಡಿ ಮುಗಿಸಿ ಏಳುತ್ತಿದ್ದರು. ಚೀಟಿಯ ಮೇಲೆ ಕಣ್ಣಾಡಿಸಿ ವಾಪಸು ಚಾಚಿದರು.

“ನೀ ಹಾಕಿದ್ದು ಇರಲಿ ಬಿಡವಾ. ಕೂಸು ಆರಾಮ ಆಗೇತಿ, ಮನಿಗೆ ಹೊಂಟೈತಿ. ಇನ್ನೇನು?”

“ಅವ್ವನ್ನ ಬಿಟ್ಟು ಹೊಂಟೈತ್ರಿ,” ಅಂದಳು ದಾಕ್ಷಾಯಿಣಿ.

ವಾರ್ಡಿನಲ್ಲಿ ಕಂಡದ್ದನ್ನು ಹೇಳಿದಳು. ಡಾಕ್ಟರು ಕೂತರು. ಅವಳು ಮೂರೂ ಕಡತಗಳನ್ನು ಅವರ ಮುಂದೆ ಸಾಲಾಗಿ ಇಟ್ಟಳು. ಬಾಯಿ ತುದಿಗೆ ಬಂದ ಬೆಚ್ಚನೆಯ ಕೋಣೆಯ ಮಾತನ್ನು ನುಂಗಿಕೊಂಡಳು. ಡಾಕ್ಟರು ಒಂದೊಂದೇ ಪುಟ ತಿರುವಿದರು. ಮೂರನೆಯದನ್ನು ಮುಚ್ಚುವಾಗ ಅವರ ಮುಖ ಬೇರೆಯಾಗಿತ್ತು.

“ಸೋಂಕು ಇಲ್ಲೇ ಹತ್ತೇತಿ ಅಂತ ಬರದ್ರ ಆಸ್ಪತ್ರಿ ಹೆಸರು ಏನಾಗ್ತೈತಿ ಗೊತ್ತೈತೇನು?”

“ಬರೀದಿದ್ದಕ್ಕ ಅವ್ವಂದಿರ ಹೆಸರು ಏನಾಗೇತಿ, ಅದನ್ನ ನೋಡಿ ಬಂದೀನ್ರಿ.”

ಡಾಕ್ಟರು ಕುರ್ಚಿ ಬಿಟ್ಟೆದ್ದರು. ನೇರ ಬೆಚ್ಚನೆಯ ಕೋಣೆಗೆ ನಡೆದರು, ಅವಳು ಹಿಂದೆ ಹೋದಳು. ಒಳಲೆಗಳನ್ನು ಕುದಿಸುವ ಯಂತ್ರ ಕೆಟ್ಟು ಇಪ್ಪತ್ತು ದಿನವಾಗಿತ್ತು. ರಿಪೇರಿಗೆ ಹೇಳಿದ್ದೇವೆ ಅಂದರು ನರ್ಸು. ಅಲ್ಲಿಯವರೆಗೆ ಎಲ್ಲ ಕೂಸುಗಳ ಒಳಲೆಯನ್ನೂ ಒಂದೇ ಬೋಗುಣಿಯ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಬೋಗುಣಿಯ ಅಂಚಿಗೆ ಹಾಲಿನ ಜಿಡ್ಡು ಕಟ್ಟಿತ್ತು.

ಅವತ್ತು ಡಾಕ್ಟರು ಕೂಗಾಡಿದ್ದನ್ನು ಆಶ್ರಮದ ಅಡುಗೆಮನೆಯಲ್ಲಿದ್ದವರೂ ಕೇಳಿಸಿಕೊಂಡರು. ನರ್ಸನ್ನು ಬೈದರು, ಯಂತ್ರದವನನ್ನು ಬೈದರು. ದಿನಕ್ಕೆರಡು ಸಲ ಅದೇ ಬೋಗುಣಿಯ ಪಕ್ಕದಲ್ಲೇ ಹಾದು ಹೋಗಿದ್ದೇನಲ್ಲ ಅಂತ ತಮ್ಮನ್ನೇ ಬೈದುಕೊಂಡರು. ನೀರನ್ನು ಪರೀಕ್ಷೆಗೆ ಕಳಿಸಿ, ಒಳಲೆಗಳನ್ನು ಒಲೆಯ ಮೇಲೆ ಕುದಿಯಲು ಇಡಿಸಿದರು. ಆಮೇಲೆ ಪೆನ್ನು ತೆಗೆದು ಮೂರು ಚೀಟಿಯ ಮೇಲೂ ಬರೆದರು: ಹುಟ್ಟಿದ ಮೇಲೆ ಆಸ್ಪತ್ರೆಯಲ್ಲಿ ತಗುಲಿದ ಸೋಂಕು. ತಾಯಿಯಿಂದ ಬಂದದ್ದಲ್ಲ.

ಹೊಸ ಹಾಳೆ ಅಚ್ಚಾಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ದಾಕ್ಷಾಯಿಣಿ ಅದನ್ನು ಹಿಡಿದು ಮತ್ತೆ ವಾರ್ಡಿಗೆ ಹೋಗಿ, ನೀಲವ್ವನ ಮುಂದೆ ಓದಿದಳು. ಈ ಸಲ ಬಾಯಿ ತಡವರಿಸಲಿಲ್ಲ. ನೀಲವ್ವ ಕೂಸನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು.

“ನಿನ್ನಿ ಒಂದು ಹಾಳಿ, ಇವತ್ತೊಂದು ಹಾಳಿ. ಯಾವುದು ಖರೆ ತಂಗಿ?”

ಡಾಕ್ಟರ ಸಹಿ ತೋರಿಸಿ ಹೊರಟುಬಿಡಬಹುದಿತ್ತು. ದಾಕ್ಷಾಯಿಣಿ ಹಾಗೆ ಮಾಡಲಿಲ್ಲ.

“ನಿನ್ನಿ ಹಾಳಿ ಬರದಾಕಿ ನಾನರಿ. ಹಂಗ ಬರಿ ಅಂತ ನನಗ ಯಾರೂ ಹೇಳಿರಲಿಲ್ಲ. ನಿಮ್ಮ ಸೊಸಿ ಮಾರಿನೂ ನಾ ನೋಡಿರಲಿಲ್ಲ. ನನ್ನ ಮನಸಿಗೆ ಬಂದಂಗ ಬರದೆ. ಅದು ಸುಳ್ಳು.”

ನೀಲವ್ವ ಬಾಯಿ ಬಿಟ್ಟಳು. ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ. ದಾಕ್ಷಾಯಿಣಿಯ ಹೆತ್ತವರಿಂದ ಹಿಡಿದು ಓದಿದ ಶಾಲೆಯವರೆಗೆ ಯಾವುದನ್ನೂ ಬಿಡಲಿಲ್ಲ. ಮಗನಿಗೆ ಇನ್ನೊಂದು ಮದುವೆಯ ಮಾತೂ ಆಡಿದ್ದೆವಲ್ಲೇ ಅಂತ ಕೂಗಿದಳು. ದಾಕ್ಷಾಯಿಣಿ ನಿಂತಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

ಗದ್ದಲಕ್ಕೆ ಕೂಸು ಎಚ್ಚರವಾಗಿ ಅಳತೊಡಗಿತು. ನೀಲವ್ವ ಒಳಲೆಗೆ ಕೈಚಾಚಿದಳು. ಡಬ್ಬಿ ಹಾಲು ಮುಗಿದಿತ್ತು. ಅಳು ಜೋರಾಯಿತು. ಬಾಗಿಲ ಬಳಿ ಕಸ್ತೂರಿ ಗೋಡೆ ಹಿಡಿದು ಎದ್ದು ನಿಂತಿದ್ದಳು. ಹತ್ತಿರ ಬರುವ ಧೈರ್ಯ ಅವಳಿಗಿರಲಿಲ್ಲ.

ನೀಲವ್ವ ಸ್ವಲ್ಪ ಹೊತ್ತು ಸೊಸೆಯನ್ನೇ ನೋಡಿದಳು. ತಪ್ಪಾಯಿತು ಅಂತ ಅವಳು ಹೇಳಲಿಲ್ಲ, ಹೇಳುವ ಹೆಂಗಸೂ ಅಲ್ಲ. ಎದ್ದು ಹೋಗಿ ಕೂಸನ್ನು ಅವಳ ಕೈಗೆ ಹಾಕಿ, ಎದೆಯ ಪಟ್ಟಿಯ ಗಂಟನ್ನು ತಾನೇ ಬಿಚ್ಚಿದಳು. ಕೂಸು ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಎದೆಗೆ ಬಾಯಿ ಹಚ್ಚಿತು. ಕಸ್ತೂರಿ ಹಾಲೂಡಿಸುತ್ತಲೇ ಬಿಕ್ಕಿಬಿಕ್ಕಿ ಅತ್ತಳು.

ದಾಕ್ಷಾಯಿಣಿ ಕಡತದ ಕೋಣೆಗೆ ಬಂದಾಗ ಎರಡೂವರೆ. ನಡೆದದ್ದನ್ನೆಲ್ಲ ಹೇಳಿದಳು. ಅಕ್ಕೋರು ಮುಖ ಗಂಟಿಕ್ಕಿಕೊಂಡೇ ಕೇಳಿಸಿಕೊಂಡರು. ಕೂಸು ಹಾಲು ಕುಡಿಯಿತು ಅಂದಾಗ ಮಾತ್ರ ಒಮ್ಮೆ ಕಣ್ಣು ಮುಚ್ಚಿದರು.

ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕುರ್ಚಿಗೆ ಕುಸಿದು ಬುತ್ತಿಯ ಡಬ್ಬಿ ಎಳೆದುಕೊಂಡಳು. ಮುಚ್ಚಳದ ಮೇಲೆ ಕೈ ಇಟ್ಟು ಕೇಳಿದಳು.

“ಅಂತೂ ಸರಿ ಆತಲ್ರಿ ಅಕ್ಕೋರ. ಇನ್ನೂ ಯಾಕ ಸಿಟ್ಟು?”

ಅಕ್ಕೋರು ಕಳೆದ ವಾರದ ಆ ಎರಡು ಹಾಳೆಗಳನ್ನು ಅವಳ ಡಬ್ಬಿಯ ಮೇಲಿಟ್ಟರು.

“ಇನ್ನಿಬ್ಬರು ಅವ್ವಂದಿರು ಇಂಥಾದ ಹಾಳಿ ತಗೊಂಡು ಊರಿಗೆ ಹೋಗ್ಯಾರ, ಎರಡಕ್ಕೂ ಓದದೇ ಸಹಿ ಹಾಕಿದಾಕಿ ನಾನು. ಮೂರೂವರಿಗೆ ಅವರ ಊರ ಕಡೆ ಬಸ್ಸೈತಿ, ಏಳು.”