ಖಾಲಿ ಬಿಟ್ಟ ಪುಟ

"ಗುರುಗಳೇ, ಒಂದು ಪದದ ಮೂಲ ಹುಡುಕುತ್ತ ಹೋದವರು ಕೊನೆಗೆ ಎಲ್ಲಿ ನಿಲ್ಲಬೇಕು?" ಎಂದು ವನಜಾ ಕೇಳಿದಳು.

ಕೇಳುವಾಗಲೂ ಅವಳ ಕಿವಿ ಜಗಲಿಯ ಕಡೆಗೇ ಇತ್ತು. ಅವಳನ್ನು ನೋಡಲು ಬೆಟ್ಟದಿಂದ ಇಳಿದು ಬಂದ ಅಜ್ಜಿ ಅಲ್ಲಿ ಕೂತಿದ್ದಳು. ಉಳಿದ ಶಿಷ್ಯರ ಮುಂದೆ ಬೆಟ್ಟದ ಭಾಷೆ ಆಡಬೇಡವೆಂದು ವನಜಾ ಅವಳಿಗೆ ಬೆಳಿಗ್ಗೆಯೇ ಹೇಳಿಟ್ಟಿದ್ದಳು.

ಗುರುಗಳು ಕತೆ ಹೇಳಿದರು.

ಒಬ್ಬ ಪಂಡಿತನಿದ್ದ. ಶುಂಠಿಗೆ ಇಂಗ್ಲಿಷಿನವರು ಜಿಂಜರ್ ಎನ್ನುತ್ತಾರಲ್ಲ, ಆ ಪದ ಎಲ್ಲಿ ಹುಟ್ಟಿತೆಂದು ಹುಡುಕಲು ಹೊರಟ. ಇಂಗ್ಲಿಷು ಫ್ರೆಂಚಿನ ಕಡೆ ಬೊಟ್ಟು ಮಾಡಿತು, ಫ್ರೆಂಚು ಲ್ಯಾಟಿನ್ನಿನ ಕಡೆ. ಲ್ಯಾಟಿನ್ ನಿಘಂಟು, ಇದು ನಮ್ಮದಲ್ಲ, ಗ್ರೀಕರನ್ನು ಕೇಳು ಎಂದಿತು. ಗ್ರೀಕರೂ ತಮ್ಮದಲ್ಲವೆಂದರು. ಪ್ರಾಕೃತಕ್ಕೆ ಬಂದ. ಅಲ್ಲಿ ಅದು ಸಿಂಗಿವೇರ. ಅದೂ ದಕ್ಷಿಣದಿಂದ ಹೋದದ್ದು. ತಮಿಳರ ಇಂಜಿಯ ಹತ್ತಿರ ಬರುವಷ್ಟರಲ್ಲಿ ಅವನ ತಲೆ ನರೆತಿತ್ತು. ಇನ್ನೂ ಹಳೆಯ ರೂಪವೊಂದು ಬೆಟ್ಟದವರ ಬಾಯಲ್ಲಿ ಉಳಿದಿರಬೇಕು ಎಂದು ಊಹಿಸಿ, ತಾನು ಬರೆಯುತ್ತಿದ್ದ ಗ್ರಂಥದಲ್ಲಿ ಅದಕ್ಕೆಂದು ಒಂದು ಪುಟ ಖಾಲಿ ಬಿಟ್ಟ.

ಆಗ ಅವನಿಗೆ ತಾಯಿ ನೆನಪಾದಳು. ಅವಳು ಬೆಟ್ಟದವಳು. ಅವನ ಮನೆಯಲ್ಲೇ ಇದ್ದಳು. ಬಂದವರು ನಗುತ್ತಾರೆಂದು ಮೂವತ್ತು ವರ್ಷದ ಹಿಂದೆ ಅವಳ ಭಾಷೆಯನ್ನು ಅವನೇ ಬಿಡಿಸಿದ್ದ.

ಅಡುಗೆಮನೆಗೆ ಓಡಿದ. "ಅವ್ವಾ, ನಾನು ಸಣ್ಣವನಿದ್ದಾಗ ಕೆಮ್ಮಿದರೆ ಶುಂಠಿ ಜಜ್ಜಿ ಕೊಡುತ್ತಿದ್ದೆಯಲ್ಲ, ಆಗ ಅದಕ್ಕೆ ಏನೆನ್ನುತ್ತಿದ್ದೆ?"

"ಲೋಕದ ಮಾತೆಲ್ಲ ಬಲ್ಲವನು, ನನ್ನನ್ನು ಕೇಳ್ತೀಯೇನೋ?" ಎಂದು ಮುದುಕಿ ನಕ್ಕಳು. ಹೇಳಲು ಬಾಯಿ ತೆರೆದಳು. ತುಟಿ ಆಡಿತು, ಪದ ಬರಲಿಲ್ಲ. ಮತ್ತೆ ತೆರೆದಳು. ನಗು ನಿಂತುಹೋಯಿತು.

"ಬೇಡ ಅಂದವನು ನೀನೇ ಅಲ್ಲವೇನಪ್ಪಾ? ಆಡುವವರೆಲ್ಲ ಒಬ್ಬೊಬ್ಬರೇ ಸತ್ತರು. ನಾನೊಬ್ಬಳೇ ಗೋಡೆಯ ಹತ್ತಿರ ಆಡಲೇ?" ಎಂದಳು. ಆಮೇಲೆ, "ಕೆಮ್ಮು ಬಂದಿದೆಯಾ? ಕೂತ್ಕೋ" ಎಂದು ಒಲೆಯ ಮೇಲೆ ನೀರಿಟ್ಟಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ ಆ ಪುಟದಲ್ಲಿ ಏನು ಬರೆದ?" ವನಜಾ ಮೆಲ್ಲಗೆ ಕೇಳಿದಳು.

"'ಮೂಲ ತಿಳಿದಿಲ್ಲ' ಎಂದು ಬರೆದ, ಅವಳು ಕೊಟ್ಟ ಕಷಾಯ ಕುಡಿಯುತ್ತ."

ವನಜಾ ಜಗಲಿಯ ಕಡೆ ತಿರುಗಿದಳು. ಬೆಳಿಗ್ಗೆ ಹೇಳಿಟ್ಟಂತೆ ಅಜ್ಜಿ ಒಂದು ಮಾತೂ ಆಡದೆ ಕೂತಿದ್ದಳು.